ಮಾಲಕ ನಾನಲ್ಲ ಅಂದವರು

ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಐವತ್ತು ವರ್ಷದ ಹಿಂದೆ ಅರಿಷಿಣದ ಚೀಲ ಹೊತ್ತ ಹಮಾಲನನ್ನು ನಿಲ್ಲಿಸಿ ನಿನ್ನ ಮಾಲಕ ಯಾರಪ್ಪಾ ಎಂದು ಕೇಳಿದ್ದರೆ, ಅವನು ಚೀಲ ಇಳಿಸದೆಯೇ ನಕ್ಕು ಮುಂದೆ ಹೋಗಿಬಿಡುತ್ತಿದ್ದ. ಗಾಡಿಯಿಂದ ಮಾಲು ಇಳಿಸಿದ ಕೂಲಿ ರೈತನ ಪಟ್ಟಿಯಲ್ಲಿ ಕಡಿತವಾಗುತ್ತಿತ್ತು. ಸವಾಲು ಮುಗಿದು ಅದೇ ಚೀಲ ಲಾರಿ ಹತ್ತುವಾಗ ಕೂಲಿ ಖರೀದಿದಾರನ ಮೇಲೆ ಬೀಳುತ್ತಿತ್ತು. ದುಡ್ಡು ಕೈಗೆ ಬರುತ್ತಿದ್ದದ್ದು ಮಾತ್ರ ಅಡತಿ ಅಂಗಡಿಯ ಗಾದಿಯಿಂದ. ರೈತ ಸಂಜೆಯ ಬಸ್ಸಿಗೆ ಊರು ಸೇರುತ್ತಿದ್ದ. ಖರೀದಿದಾರನ ಪೇಢಿ ಮುಂಬಯಿಯಲ್ಲಿ. ಅಡತ್ಯಾನನ್ನು ಕೇಳಿದರೆ, ನಾನು ನಡುವಿನವ, ಕಮಿಷನ್ ಮೇಲೆ ಬದುಕುವವ ಎಂದು ಕೈ ಎತ್ತುತ್ತಿದ್ದ. ಬೆನ್ನ ಮೇಲೆ ನೂರು ಕಿಲೋ ಇತ್ತು, ಅದನ್ನು ಹೊರಿಸಿದವರು ಯಾರೂ ಇರಲಿಲ್ಲ.

ಈ ನೆನಪುಗಳು ಹಮಾಲನವೂ ಅಲ್ಲ, ಸಾವಕಾರನವೂ ಅಲ್ಲ. ಇಬ್ಬರ ನಡುವೆ ಗಾದಿಯ ಮೂಲೆಯಲ್ಲಿ ಕೂತು ಕೀರ್ದಿ ಬರೆಯುತ್ತಿದ್ದ ಒಬ್ಬ ಗುಮಾಸ್ತನವು. ಪೇಟೆಯಲ್ಲಿ ಅವನನ್ನು ಎಲ್ಲರೂ ದಿವಾಣಜಿ ಎನ್ನುತ್ತಿದ್ದರು. ಈಗ ಮೀರಜದಲ್ಲಿ ಮೊಮ್ಮಕ್ಕಳ ಜೊತೆ ಇರುವ ಎಪ್ಪತ್ತರ ಮುದುಕನನ್ನೂ ಹಳಬರು ಹಾಗೇ ಕರೆಯುತ್ತಾರೆ. ಊರು ಜತ್ತ ತಾಲೂಕಿನ ಮೂಡಣ ಅಂಚು, ಸಾಂಗಲಿ ಜಿಲ್ಲೆಯದೇ ಆದರೂ ಮನೆಮಾತು ಕನ್ನಡ, ಶಾಲೆಯೂ ಕನ್ನಡ. ಮರಾಠಿ ಬರಹ ಕಲಿತದ್ದು ಅಂಗಡಿಗೆ ಸೇರಿದ ಮೇಲೆ. ಸಾವಕಾರರು ಅಥಣಿ ಕಡೆಯವರು, ಕನ್ನಡ ಬಲ್ಲವರು. ಹುಡುಗನನ್ನು ಗಾದಿಗೆ ಕೂಡಿಸಿಕೊಳ್ಳಲು ಅದೂ ಒಂದು ಕಾರಣ. ಹಮಾಲರಲ್ಲಿ ಜತ್ತದವರೂ ವಿಜಯಪುರದ ಕಡೆಯವರೂ ಬಹಳ. ಅವರ ಜೊತೆ ಅವರ ಮಾತಿನಲ್ಲೇ ಲೆಕ್ಕ ಮಾಡುವವನೊಬ್ಬ ಬೇಕಿತ್ತು.

ಆ ಮಂದಿ ಸಾಂಗಲಿಗೆ ಬಂದದ್ದು 1972ರ ಬರದ ಬೆನ್ನಿಗೆ. ಮಹಾರಾಷ್ಟ್ರದ ಒಣ ತಾಲೂಕುಗಳಲ್ಲಿ ಆ ವರ್ಷ ಹೊಲ ಬಿಟ್ಟು ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯಲು ಕೂತವರಿಗೆ ಲೆಕ್ಕವಿಲ್ಲ. ಖಡಿ ಮುಗಿದ ಮೇಲೆ ಕೆಲವರು ಕಬ್ಬು ಕಡಿಯಲು ಹೋದರು, ಕೆಲವರು ಮುಂಬಯಿಯ ದಾರಿ ಹಿಡಿದರು, ಕೆಲವರು ಸಾಂಗಲಿಯ ಪೇಟೆಗೆ ಬಂದು ಚೀಲ ಎತ್ತಿದರು. ಬಂದವನ ಕೈಯಲ್ಲಿ ಮೊದಲು ಬೀಳುತ್ತಿದ್ದದ್ದು ಉಚಲಿ, ಅಂದರೆ ಮುಂಗಡ. ದಿವಾಣಜಿ ಬರೆದ ಮೊದಲ ಪುಟಗಳೆಲ್ಲ ಉಚಲಿಯ ಪುಟಗಳೇ. ಮದುವೆಗೆ ಇಷ್ಟು, ತಾಯಿಯ ಔಷಧಕ್ಕೆ ಇಷ್ಟು, ಎತ್ತು ಸತ್ತದ್ದಕ್ಕೆ ಇಷ್ಟು. ಕೂಲಿ ಜಮೆಯಾಗುತ್ತಿತ್ತು, ಖಾತೆ ಮಾತ್ರ ಚುಕ್ತಾ ಆಗುತ್ತಿರಲಿಲ್ಲ.

ಕೆಲಸ ಎಂಥದ್ದು ಎಂಬುದಕ್ಕೆ ಹರಿಪುರದ ಹಗೇವುಗಳನ್ನು ನೆನೆಯಬೇಕು. ಮರಾಠಿಯವರು ಪೇವ ಅನ್ನುತ್ತಾರೆ. ಕೃಷ್ಣೆ ವಾರಣೆಯರು ಕೂಡುವ ಆ ಊರಿನ ಮಣ್ಣಿನಲ್ಲಿ ತೋಡಿದ ಆಳದ ಕುಣಿಗಳಲ್ಲಿ ಅರಿಷಿಣ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹತ್ತದೆ, ಬಣ್ಣ ಕೆಡದೆ ಉಳಿಯುತ್ತಿತ್ತು. ಸಾಂಗಲಿ ದೇಶದ ಅರಿಷಿಣ ಪೇಟೆಯಾದದ್ದರಲ್ಲಿ ಈ ಕುಣಿಗಳ ಪಾಲು ದೊಡ್ಡದು. ಆದರೆ ಬಾಯಿ ತೆಗೆದ ಕೂಡಲೇ ಇಳಿಯುವಂತಿರಲಿಲ್ಲ. ಒಳಗೆ ಕಟ್ಟಿದ ಗಾಳಿ ಹೊರಬೀಳುವ ತನಕ ಕಾಯಬೇಕು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಹೊತ್ತಿದೆ ಎಂದರ್ಥ. ಲಾರಿ ನಿಂತಿದೆ, ಬೇಗ ಇಳೀರಿ ಎಂದು ಮೇಲಿನಿಂದ ಕೂಗುವವರಿಗೇನು ಕಡಿಮೆ. ಇಳಿದವನು ಮೈಯೆಲ್ಲ ಹಳದಿಯಾಗಿ ಕೆಮ್ಮುತ್ತ ಹತ್ತಿ ಬರುತ್ತಿದ್ದ. ಅವನಿಗೇನಾದರೂ ಆದರೆ ಯಾವ ಖಾತೆಯಲ್ಲಿ ಬರೆಯಬೇಕೆಂದು ದಿವಾಣಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. 2005ರ ಮಹಾಪೂರ ಆ ಹಗೇವುಗಳಲ್ಲಿ ಬಹುಪಾಲನ್ನು ಹಾಳುಮಾಡಿತು. ಈಗ ಮಾಲು ಗೋದಾಮು, ಕೋಲ್ಡ್ ಸ್ಟೋರೇಜ್ ಸೇರುತ್ತದೆ.

ಸಂಘದ ಮಾತು ಎರಡು ದಿಕ್ಕಿನಿಂದ ಬಂತು. ಪುಣೆಯಲ್ಲಿ ಬಾಬಾ ಆಢಾವ 1955ರಲ್ಲೇ ಹಮಾಲ ಪಂಚಾಯತ್ ಕಟ್ಟಿದ್ದರು. ಹಮಾಲನಿಗೆ ಸೋವಿಯಲ್ಲಿ ಊಟ ಸಿಗಲಿ ಎಂದು 1974ರಲ್ಲಿ ಅದೇ ಸಂಘ ‘ಕಷ್ಟಾಚೀ ಭಾಕರ’ ಎಂಬ ಖಾನಾವಳಿಯನ್ನೂ ತೆರೆದಿತ್ತು. ಆ ಸುದ್ದಿ ಸಾಂಗಲಿಗೆ ಬಂದದ್ದು ಭಾಷಣದಿಂದಲ್ಲ, ಪುಣೆಗೆ ಮಾಲು ಒಯ್ದು ಅಲ್ಲಿ ಉಂಡುಬಂದ ಲಾರಿ ಮಂದಿಯಿಂದ. ಇನ್ನೊಂದು ದಿಕ್ಕು ಮುಂಬಯಿ. ಸಾತಾರಾ ಜಿಲ್ಲೆಯ ಪಾಟಣದ ಕಡೆಯ ಅಣ್ಣಾಸಾಹೇಬ ಪಾಟೀಲರು ಅಲ್ಲಿನ ಧಕ್ಕೆ, ದಾಣಾಬಾಜಾರುಗಳ ಹೊರೆಯಾಳುಗಳನ್ನು ಒಟ್ಟುಗೂಡಿಸಿದ್ದರು. ಅವರ ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರ ಮಾಥಾಡಿ, ಹಮಾಲ ಮತ್ತು ಇತರ ದೈಹಿಕ ಶ್ರಮಿಕರ ಕಾಯದೆ ಬಂತು. ಮಾಥಾಡಿ ಅಂದರೆ ತಲೆಹೊರೆಯಾಳು. ಅಂಥವರಿಗಾಗಿ ದೇಶದಲ್ಲಿ ಆವರೆಗೆ ಹೀಗೊಂದು ಕಾಯದೆ ಇರಲಿಲ್ಲ.

ಯಾರ್ಡಿನ ಬೇವಿನ ಗಿಡದ ಕೆಳಗೆ ಮೊದಲ ಸಭೆಯಾದ ಮರುದಿನ ಸಾವಕಾರರು ನಕ್ಕರು. ‘ದಿವಾಣಜಿ, ನಿಮ್ಮ ಕಡೀ ಮಂದಿ ಸಂಘಾ ಮಾಡ್ಯಾರಂತಲ್ರೀ. ಮಾಡ್ಲಿ, ಮಾಡ್ಲಿ. ಭಜನೀ ಸಂಘಾನೂ ಅವರ ಮಾಡ್ಯಾರ.’ ಪಕ್ಕದ ಅಂಗಡಿಗಳಲ್ಲೂ ಅದೇ ನಗು. ಮಾಲಕರ ಮೊದಲ ಉತ್ತರ ಬಹುತೇಕ ಎಲ್ಲ ಕಡೆ ಹೀಗೇ ಇರುತ್ತದೆ, ಅದರಲ್ಲಿ ದುಷ್ಟತನವೇನೂ ಇಲ್ಲ. ಹೊರೆಯಾಳುಗಳು ಪಾವತಿ ಪುಸ್ತಕ ಅಚ್ಚು ಹಾಕಿಸಿ ವರ್ಗಣಿ ಎತ್ತುತ್ತಾರೆಂದು ಅವರಿಗೆ ನಿಜವಾಗಿಯೂ ಅನ್ನಿಸಿರಲಿಲ್ಲ.

ನಗು ನಿಂತದ್ದು ದೀಪಾವಳಿಗೆ ಸ್ವಲ್ಪ ಮುಂಚೆ. ಆ ವರ್ಷ ಹಮಾಲರಿಗೆ ಧೋತರ, ಅಂಗಿಯ ಬಟ್ಟೆ, ಒಂದೊಂದು ಪೆಟ್ಟಿಗೆ ಪೇಢೆ ಬಂತು. ಹಿಂದೆಂದೂ ಹಾಗೆ ಬಂದಿರಲಿಲ್ಲ. ಕೂಲಿಯನ್ನೂ ಕೇಳದೆಯೇ ಚೀಲಕ್ಕೆ ಕೆಲವು ಪೈಸೆ ಏರಿಸಿದರು. ಮುದುಕ ಹಮಾಲನೊಬ್ಬ ಪೇಢೆ ತಿನ್ನುತ್ತಲೇ ದಿವಾಣಜಿಯ ಕಿವಿಯಲ್ಲಿ ಅಂದದ್ದು: ‘ಬಟ್ಟಿ ಬರ್ಕೋರಿ. ಸಂಘದ ಪಾವತಿ ಹರಿಸೇನಿ, ಅದನ್ನ ಮಾತ್ರ ಬರೀಬ್ಯಾಡ್ರಿ.’

ಆಮೇಲೆ ಒಂದೊಂದಾಗಿ ಬಂದವು. ಹಮಾಲರ ಟೋಳಿಯ ಮುಂದಾಳು ಮುಕಾದಮನನ್ನು ಕರೆದು ಚಹಾ ಕುಡಿಸಿ, ನೀನೇ ಒಂದು ಸಂಘ ಮಾಡು, ಹಲಗೆಯ ಖರ್ಚು ನಮ್ಮದು ಅಂದರು. ಹಲಗೆ ಬರೆಸಿಯೂ ಆಯಿತು. ಬಣ್ಣದವನ ಬಿಲ್ಲನ್ನು ಕಿರಕೋಳ ಖರ್ಚಿಗೆ ಹಾಕಿದ್ದು ದಿವಾಣಜಿಯೇ. ನಿಜವಾದ ಸಂಘಕ್ಕೆ ಹೋದವರ ಉಚಲಿಯನ್ನು ಒಮ್ಮೆಲೇ ಕೇಳಿದರು: ಬಾಕಿ ಇಟ್ಟು ಹೋಗು, ಇಲ್ಲವೇ ತೆಪ್ಪಗಿರು. ಅದಕ್ಕೂ ಜಗ್ಗದಿದ್ದಾಗ ದಿವಾಣಜಿಯ ಕೈಗೆ ಬಸ್ ಚಾರ್ಜು ಕೊಟ್ಟು ಜತ್ತಕ್ಕೆ ಕಳಿಸಿದರು, ಹೊಸ ಹುಡುಗರನ್ನು ಕರೆತರಲು. ಊರಿನಲ್ಲಿ ಕೆಲವರು ಮುಖ ತಿರುಗಿಸಿದರು, ಅಲ್ಲಿ ದುಡಿಯುವವರು ನಮ್ಮ ಕಾಕಾ ಮಾವಂದಿರು, ಅವರ ಹೊಟ್ಟಿ ಮ್ಯಾಲೆ ಕಾಲ ಇಡೂದಿಲ್ಲ ಅಂದರು. ಕೆಲವರು ಬಂದರು. ಬರಲೇಬೇಕಿತ್ತು, ಆ ವರ್ಷವೂ ಮಳೆ ಕೈಕೊಟ್ಟಿತ್ತು. ಹೀಗೆ ಬಂದವರು ಮಲಗಿದ್ದು ಆ ಕಾಕಾಗಳ ಖೋಲಿಯಲ್ಲೇ, ಉಂಡದ್ದು ಅವರ ರೊಟ್ಟಿಯನ್ನೇ. ಹಂಗಾಮು ಮುಗಿಯುವುದರೊಳಗೆ ಅವರ ಕಿಸೆಯಲ್ಲೂ ಸಂಘದ ಪಾವತಿ ಇತ್ತು.

ಇದರಲ್ಲಿ ಸಾವಕಾರರ ಸ್ವಂತ ಬುದ್ಧಿ ಹೆಚ್ಚೇನೂ ಇರಲಿಲ್ಲ ಎಂಬುದು ದಿವಾಣಜಿಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ, ವಕೀಲರೊಬ್ಬರ ಕಚೇರಿಯಲ್ಲಿ. ಮಹಾರಾಷ್ಟ್ರ 1971ರಲ್ಲಿ ಕಾರ್ಮಿಕ ಸಂಘಗಳ ಮಾನ್ಯತೆಗೆ ಮತ್ತು ಅನುಚಿತ ಕಾರ್ಮಿಕ ಪದ್ಧತಿಗಳ ತಡೆಗೆಂದು ಒಂದು ಕಾಯದೆ ಮಾಡಿತ್ತು. ಅದರ ಎರಡನೇ ಅನುಸೂಚಿಯಲ್ಲಿ ಮಾಲಕರು ಮಾಡಬಾರದ ಕೆಲಸಗಳ ಪಟ್ಟಿ ಇದೆ. ಸಂಘ ಸೇರಿದರೆ ಕೆಲಸದಿಂದ ತೆಗೆಯುತ್ತೇವೆಂದು ಹೆದರಿಸುವುದು. ಸಂಘ ಕಟ್ಟಿದರೆ ಬಾಗಿಲು ಹಾಕುತ್ತೇವೆನ್ನುವುದು. ಸಂಘ ಕುದುರುವ ಹೊತ್ತಿಗೇ ಪಗಾರ ಏರಿಸಿ ಅದರ ಬಲ ಮುರಿಯುವುದು. ಮಾಲಕರೇ ತಮ್ಮದೊಂದು ಸಂಘ ಹುಟ್ಟುಹಾಕುವುದು. ಓದುತ್ತ ಹೋದಂತೆ ದಿವಾಣಜಿಗೆ ತಾನು ಬರೆದ ಕೀರ್ದಿಯನ್ನೇ ಯಾರೋ ಕಾಯದೆಯ ಭಾಷೆಯಲ್ಲಿ ನಕಲು ಮಾಡಿದಂತಿತ್ತು. ಪೇಢೆಯ ಪೆಟ್ಟಿಗೆಯೂ ಇತ್ತು, ಹಲಗೆಯ ಬಣ್ಣವೂ ಇತ್ತು.

ಆದರೆ ಆ ಪಟ್ಟಿ ನೌಕರ ಎನಿಸಿಕೊಂಡವನಿಗೆ ಮಾತ್ರ ನೆರಳು. ನೌಕರನಾಗಬೇಕಾದರೆ ಮಾಲಕನೊಬ್ಬ ಇರಬೇಕು. ಯಾರ್ಡಿನ ಸಾವಕಾರರ ಕೊನೆಯ ಉತ್ತರ, ಎಲ್ಲಕ್ಕಿಂತ ಗಟ್ಟಿಯಾದ ಉತ್ತರ, ಇಲ್ಲಿಂದಲೇ ಹುಟ್ಟಿತು: ‘ನಾವು ಮಾಲಕರಽ ಅಲ್ಲ, ಅಂದಮ್ಯಾಲೆ ಸಂಘ ಯಾರ ವಿರುದ್ಧ?’

ಮಾರ್ಚಿನಲ್ಲಿ ಹೊಸ ಅರಿಷಿಣದ ಗಾಡಿಗಳು ಸಾಲುಗಟ್ಟಿ ನಿಂತಿದ್ದಾಗ ಹಮಾಲರು ಚೀಲ ಮುಟ್ಟಲಿಲ್ಲ. ಬೇಡಿಕೆ ದೊಡ್ಡದೇನಲ್ಲ: ಕೂಲಿಯ ದರ ಬರೆದು ಹಚ್ಚಬೇಕು, ನೂರು ಕಿಲೋ ಚೀಲ ಸಣ್ಣದಾಗಬೇಕು. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗಂಡಾಳು ಹೊರುವ ತೂಕ 55 ಕಿಲೋ ಮೀರಬಾರದೆಂದು 1967ರಲ್ಲೇ ಶಿಫಾರಸು ಮಾಡಿತ್ತು. ಯಾರ್ಡಿನಲ್ಲಿ ಅದನ್ನು ಕೇಳಿದವರಿರಲಿಲ್ಲ. ಸವಾಲು ನಿಂತಿತು. ವ್ಯಾಪಾರಿಗಳು ಹಮಾಲರ ಜೊತೆ ಜಗಳಕ್ಕಿಳಿಯಲಿಲ್ಲ, ಗಾಡಿಯ ಕೆಳಗೆ ಮಲಗಿದ್ದ ರೈತರ ಹತ್ತಿರ ಹೋದರು. ನಿಮ್ಮ ಮಾಲು ಬಿಸಿಲಿಗೆ ಬಿದ್ದಿದೆ, ದರ ಇಳಿಯುತ್ತಿದೆ, ಎಲ್ಲಾ ಇವರಿಂದ ಅಂದರು. ರೈತರು ಹಮಾಲರ ಮೇಲೆ ಸಿಟ್ಟಾದರು. ಜತ್ತದ ರೈತ ಜತ್ತದ ಹಮಾಲನನ್ನು ಕನ್ನಡದಲ್ಲಿ ಬೈಯುವುದನ್ನು ದಿವಾಣಜಿ ಗಾದಿಯ ಮೇಲಿಂದ ಕೇಳುತ್ತ ಕೂತಿದ್ದ. ಕೊನೆಗೆ ದರಪಟ್ಟಿ ಗೋಡೆಗೆ ಬಂತು. ಚೀಲ ಸಣ್ಣದಾಗಲು ಇನ್ನೂ ವರ್ಷಗಳು ಹಿಡಿದವು.

1969ರ ಕಾಯದೆಯ ಜಾಣತನ ಇಲ್ಲಿದೆ. ಮಾಲಕ ಯಾರು ಎಂಬ ಜಗಳವನ್ನು ಅದು ಬಗೆಹರಿಸಲು ಹೋಗಲೇ ಇಲ್ಲ, ಪಕ್ಕಕ್ಕಿಟ್ಟಿತು. ಮಂಡಳವೊಂದನ್ನು ಕೂಡಿಸಿತು, ಅದರಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು, ಹಮಾಲರ ಪ್ರತಿನಿಧಿಗಳು, ಸರಕಾರದವರು. ಹಮಾಲನ ಹೆಸರು ಮಂಡಳದಲ್ಲಿ, ವ್ಯಾಪಾರಿಯ ಹೆಸರೂ ಮಂಡಳದಲ್ಲಿ. ಯಾರ ಚೀಲ ಎತ್ತಿದರೂ ಕೂಲಿ ಮಂಡಳಕ್ಕೆ ಜಮೆಯಾಗಬೇಕು, ಅದರ ಮೇಲೊಂದು ಪಾಲು ಲೆವಿಯಾಗಿ ಬರಬೇಕು. ಆ ಲೆವಿಯಿಂದ ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್ಸು, ರಜೆಯ ಪಗಾರ, ದವಾಖಾನೆ. ಮುಂಬಯಿಯಲ್ಲಿ ಮೊದಲು, ಆಮೇಲೆ ಬೇರೆ ಜಿಲ್ಲೆಗಳಲ್ಲಿ ಮಂಡಳಗಳಾದವು. ಸಾಂಗಲಿ ಜಿಲ್ಲೆಗೂ ಮಾಥಾಡಿ ಮಂಡಳ ಬಂತು. ದಿವಾಣಜಿಯ ಕೀರ್ದಿಯಲ್ಲಿ ಉಚಲಿಯ ಪುಟ ತೆಳುವಾಗುತ್ತ ಹೋಯಿತು, ಲೆವಿಯ ಪುಟ ಬೆಳೆಯಿತು.

ವ್ಯಾಪಾರಿಗಳು ಸುಮ್ಮನೆ ಒಪ್ಪಲಿಲ್ಲ. ಯಾರು ಕಾಯದೆಯೊಳಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬ ದಾವೆಗಳು ಮುಂಬಯಿ ಹೈಕೋರ್ಟಿನಲ್ಲಿ ದಶಕಗಳ ಕಾಲ ನಡೆದವು. ಎಲೆಕ್ಟ್ರಾನಿಕ್ ಕಾಟಾ ಬಂದಮೇಲೆ ತೂಗುವವನಿಗೆ ತೋಲಾಯಿ ಏಕೆ ಕೊಡಬೇಕೆಂದು ರಾಜ್ಯದ ಪೇಟೆಗಳಲ್ಲಿ ಎದ್ದ ತಕರಾರು ಮತ್ತೆ ಮತ್ತೆ ಬಂದ್‌ಗೆ ದಾರಿಯಾಯಿತು. ವ್ಯಾಪಾರಿಗಳ ಒಂದು ದೂರನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಮಾಥಾಡಿ ಹೆಸರಿನಲ್ಲಿ ಕಾರ್ಖಾನೆಯ ಗೇಟಿಗೆ ಬಂದು, ಚೀಲ ಮುಟ್ಟದೆಯೇ ಹಣ ಕೀಳುವ ಗುಂಪುಗಳು ಮುಂಬಯಿ, ಪುಣೆಯ ಸುತ್ತ ಹುಟ್ಟಿಕೊಂಡದ್ದು ನಿಜ. ಹಾಗೆಂದು ಬೆನ್ನು ಬಾಗಿಸಿ ದುಡಿದವನ ಲೆವಿಯನ್ನು ತಡೆಹಿಡಿಯುವುದು ಯಾವ ನ್ಯಾಯ ಎಂದು ಕೇಳಿದರೆ ಗಾದಿಯ ಮೇಲೆ ಮೌನ.

ಹೆಂಗಸರ ಸಂಘಕ್ಕೆ ಮಾಲಕರ ಉತ್ತರ ಇನ್ನೊಂದು ಬಗೆ. ದಿವಾಣಜಿಯ ಹೆಂಡತಿಯ ತವರು ನಿಪ್ಪಾಣಿ. ಅವಳ ಅಕ್ಕ ತಂಬಾಕಿನ ವಖಾರಿಯಲ್ಲಿ ದುಡಿಯುತ್ತಿದ್ದಳು. 1980ರ ಹೊತ್ತಿಗೆ ಅಲ್ಲಿ ಸುಭಾಷ ಜೋಶಿಯವರ ಮುಂದಾಳತನದಲ್ಲಿ ಚಿಕ್ಕೋಡಿ ತಾಲೂಕು ಕಾಮಗಾರ ಮಹಾಸಂಘ ಎದ್ದಿತು, ಎದ್ದದ್ದು ಹೆಂಗಸರ ಬಲದ ಮೇಲೆ. ಇವರು ಹಬ್ಬಕ್ಕೆ ಹೋದಾಗ ಅತ್ತಿಗೆ ಹೇಳುತ್ತಿದ್ದ ಸುದ್ದಿಗಳೇ ಬೇರೆ. ಗಂಡಸರ ಸಂಘಕ್ಕೆ ಮಾಲಕರು ಕೆಲಸದ ಹೆದರಿಕೆ ಹಾಕುತ್ತಾರೆ. ಹೆಂಗಸರ ಸಂಘವಾದರೆ ಮೊದಲು ಮಾನದ ಮೇಲೆ ಕೈ. ರಾತ್ರಿ ಮೀಟಿಂಗಿಗೆ ಹೋಗುವವಳ ನಡತೆ ನೋಡ್ಕೋ ಎಂದು ಗಂಡನಿಗೆ ಸುದ್ದಿ ಮುಟ್ಟಿಸುವುದು, ಮುಂದಾಳಿನಂತೆ ಮಾತಾಡಿದವಳಿಗೆ ಮರುದಿನ ಬಾಗಿಲಲ್ಲೇ ‘ಇವತ್ತ ಕೆಲಸಿಲ್ಲ’ ಅನ್ನುವುದು. ಅತ್ತಿಗೆ ನಗುತ್ತಲೇ ಹೇಳುತ್ತಿದ್ದಳು. ‘ಮಾವಾರ, ತಂಬಾಕದ ಧೂಳಿಗೆ ದಿನಾ ತಲಿ ತಿರಗತದ. ಮಾತಿನ ಧೂಳಿಗೆ ಯಾಕ ಅಂಜೂಣು?’ ಬೆಂಗಳೂರಿನ ಯುಗಾಂತರ ಎಂಬ ಹೆಂಗಸರ ಚಿತ್ರತಂಡ, ದೀಪಾ ಧನರಾಜ್ ಅವರ ನಿರ್ದೇಶನದಲ್ಲಿ, ಈ ಹೆಂಗಸರ ಜೊತೆ ಕೂತು ‘ತಂಬಾಕೂ ಚಾಕಿಲಾ ಊಬ ಆಲಿ’ ಎಂಬ ಚಿತ್ರ ಮಾಡಿತು. ಛಾಯಾ ದಾತಾರರು ಈ ಹೆಂಗಸರ ಮೇಲೆ ಪುಸ್ತಕವನ್ನೇ ಬರೆದರು. 1981ರಲ್ಲಿ ಅದೇ ನಿಪ್ಪಾಣಿಯಲ್ಲಿ ಶರದ ಜೋಶಿಯವರ ಮುಂದಾಳತನದಲ್ಲಿ ತಂಬಾಕು ಬೆಳೆದ ರೈತರು ರಸ್ತೆಯಲ್ಲಿ ಕೂತರು, ಗೋಲಿಬಾರಿನಲ್ಲಿ ರೈತರು ಸತ್ತರು. ರೈತರ ಎದುರಿಗೂ ಹೆಂಗಸರ ಎದುರಿಗೂ ಇದ್ದದ್ದು ಅದೇ ತಂಬಾಕು ಪೇಟೆ.

ಕಾಯದೆ ಬಂದರೆ ಮಾಲಕ ಜಾಗವನ್ನೇ ಖಾಲಿ ಮಾಡಿ ಹೋಗಬಲ್ಲ ಎಂಬುದಕ್ಕೆ ಕರಾವಳಿಯ ಸಾಕ್ಷಿ ಇದೆ. ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಗೇ ಸೇರಿದ್ದ ಕಾಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯದೆಯನ್ನು ಕೇರಳ ಸರಕಾರ 1968ರಲ್ಲಿ ಜಾರಿಗೆ ತಂದಾಗ ಮಂಗಳೂರಿನ ಗಣೇಶ ಬೀಡಿ ಕಂಪನಿ ಅಲ್ಲಿನ ಶಾಖೆಗಳಿಗೆ ಬೀಗ ಹಾಕಿತು; ಬೀದಿಗೆ ಬಿದ್ದವರು ಸುಮಾರು 12,000 ಮಂದಿ. ಅವರು ಮರುವರ್ಷ ಫೆಬ್ರವರಿಯಲ್ಲಿ ದಿನೇಶ ಬೀಡಿ ಸಹಕಾರಿ ಸಂಘ ಕಟ್ಟಿ ತಾವೇ ಮಾಲಕರಾದರು. ಕಂಪನಿಗಳು ಕಾಯದೆಯ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋದವು, 1974ರಲ್ಲಿ ಕೋರ್ಟು ಕಾಯದೆಯನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಬೀಡಿ ಕಟ್ಟುವ ಕೆಲಸ ಹೆಂಗಸರ ಮನೆಯ ಜಗಲಿಗೆ ಸರಿಯುತ್ತಿತ್ತು. ನಡುವೆ ಗುತ್ತಿಗೆದಾರ, ಮತ್ತೆ ಅದೇ ಪ್ರಶ್ನೆ.

ಎಲ್ಲ ಮಾಲಕರೂ ಮರೆಯಲ್ಲಿ ನಿಲ್ಲುವವರಲ್ಲ ಎನ್ನುವುದನ್ನೂ ಹೇಳಬೇಕು. ಮೀರಜದಿಂದ ಪುಣೆಯ ರೈಲು ಹಿಡಿದರೆ ಸ್ವಲ್ಪದರಲ್ಲೇ ಕಿರ್ಲೋಸ್ಕರವಾಡಿ ನಿಲ್ದಾಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಾರ್ಖಾನೆ ಕಟ್ಟಿದರು, ಸುತ್ತ ಆಳುಗಳಿಗೆ ಮನೆ, ಮಕ್ಕಳಿಗೆ ಶಾಲೆ ಕಟ್ಟಿದರು. ಅಲ್ಲಿ ಮಾಲಕ ಯಾರೆಂದು ಯಾರೂ ಕೇಳಬೇಕಿರಲಿಲ್ಲ, ಬೆಳಗ್ಗೆ ಎದ್ದರೆ ಕಣ್ಣೆದುರಿಗೇ ಓಡಾಡುತ್ತಿದ್ದರು. ಸಂಘ ಬೇಕೆನ್ನಿಸದ ಹಾಗೆ ನೋಡಿಕೊಳ್ಳುವುದೂ ಮಾಲಕರ ಒಂದು ಉತ್ತರ, ಅದನ್ನು ಹೀಗಳೆಯುವುದು ಸಲ್ಲ. ಆದರೆ ಅದು ಒಬ್ಬ ಮನುಷ್ಯನ ಗುಣದ ಮೇಲೆ ನಿಂತದ್ದು. 2020ರ ನವೆಂಬರಿನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಕಾರ್ಖಾನೆಯಲ್ಲಿ, ಅದರ ಬಹುಪಾಲು ಒಡೆತನ ಜಪಾನಿನ ಟೊಯೋಟಾದ್ದು, ಒಬ್ಬ ಕಾರ್ಮಿಕನ ಅಮಾನತಿನಿಂದ ಕಿಡಿ ಹತ್ತಿ ಲಾಕೌಟ್ ಆಯಿತು. ಒಳಗೆ ಬರಬೇಕಾದರೆ ಮುಚ್ಚಳಿಕೆ ಬರೆದುಕೊಡಿ ಅಂದರು. ಸಾವಿರಾರು ಕಾರ್ಮಿಕರು ತಿಂಗಳುಗಟ್ಟಲೆ ಹೊರಗೆ ಕೂತರು.

1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಕಾರ್ಮಿಕ ಮುಂದಾಳು ದತ್ತಾ ಸಾಮಂತರ ಕರೆಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಸಾಂಗಲಿಯ ಪೇಟೆಯಲ್ಲೂ ಅದರ ಬಿಸಿ ತಟ್ಟಿತು. ಶಿರಾಳಾ, ಖಾನಾಪುರದ ಕಡೆಯಿಂದ ಗಿರಣಿಗೆ ಹೋದವರು ಊರಿಗೆ ಮರಳಿ, ಹೊಲದಲ್ಲಿ ಏನೂ ಇಲ್ಲದೆ, ಯಾರ್ಡಿಗೆ ಬಂದು ಹಮಾಲಿ ಕೇಳಿದರು. ಸಾಮಂತರ ಸಂಘದ ಜೊತೆ ಮಾತುಕತೆಗೆ ಗಿರಣಿ ಮಾಲಕರು ಒಪ್ಪಲಿಲ್ಲ. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯದೆಯ ಪ್ರಕಾರ ಮಾನ್ಯತೆ ಇದ್ದದ್ದು ಬೇರೊಂದು ಸಂಘಕ್ಕೆ. ಕಾರ್ಮಿಕರು ಆರಿಸಿದ ಸಂಘ ಬೇರೆ, ಕಾಗದದ ಮೇಲಿನ ಸಂಘ ಬೇರೆ. ಬಣ್ಣದ ಹಲಗೆಯ ಮುಕಾದಮ ಆಗ ದಿವಾಣಜಿಗೆ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಯಾರ್ಡಿನ ಸಂಘ ಆ ಗಿರಣಿಯವರನ್ನು ಹೊರಗಿಡಲಿಲ್ಲ, ಬಂದವರಿಗೂ ಪಾವತಿ ಹರಿಯಿತು.

ಜಿಲ್ಲೆಯ ಕಬ್ಬಿನ ಹೊಲಗಳಲ್ಲಿ ಇಂದಿಗೂ ಹಳೆಯ ಆಟವೇ ನಡೆದಿದೆ. ಬೀಡ ಜಿಲ್ಲೆಯವರ ಜೊತೆಗೆ ಜತ್ತ, ವಿಜಯಪುರದ ಗಂಡಹೆಂಡಿರೂ ಕೊಯ್ತಾ ಹಿಡಿದು ಬರುತ್ತಾರೆ. ಕಾರ್ಖಾನೆ ದುಡ್ಡು ಕೊಡುವುದು ಮುಕಾದಮನಿಗೆ, ಮುಕಾದಮ ಉಚಲಿ ಕೊಡುವುದು ಇವರಿಗೆ. ದರದ ಮಾತುಕತೆಯೇನೋ ರಾಜ್ಯಮಟ್ಟದಲ್ಲಿ ಸಂಘಗಳ ಮತ್ತು ಸಕ್ಕರೆ ಕಾರ್ಖಾನೆಗಳ ಒಕ್ಕೂಟದ ನಡುವೆ ಆಗುತ್ತದೆ. 2024ರ ಜನವರಿಯಲ್ಲಿ ಶೇಕಡಾ 34ರ ಏರಿಕೆಗೆ ಒಪ್ಪಿದರು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿರಿ ಅಂದರೆ ಮಾತ್ರ ಕಾರ್ಖಾನೆಯ ಉತ್ತರ: ಅವರು ನಮ್ಮವರಲ್ಲ, ಮುಕಾದಮನವರು.

ದಿವಾಣಜಿಯ ಕಿರಿಯ ಸೊಸೆ ಊರಿನಲ್ಲೇ ಆಶಾ ಕಾರ್ಯಕರ್ತೆ. ಬಸುರಿಯರನ್ನು ಮೀರಜದ ಸಿವಿಲ್ ಆಸ್ಪತ್ರೆಗೆ ಕರೆತರುವಾಗ ಮಾವನ ಮನೆಯಲ್ಲಿ ಒಂದು ಕಪ್ ಚಹಾ ಕುಡಿದು ಹೋಗುತ್ತಾಳೆ. ಅವಳ ಮಾಲಕ ಸರಕಾರ; ಸರಕಾರದ ಉತ್ತರವೂ ಅಡತ್ಯಾನದಕ್ಕಿಂತ ಬಹಳ ಬೇರೆಯೇನಲ್ಲ. ನೀವು ನೌಕರರಲ್ಲ, ಸ್ವಯಂಸೇವಕಿಯರು. ಕೊಡುವುದು ಪಗಾರವಲ್ಲ, ಮಾನಧನ. ಇಂಥ ಯೋಜನೆಗಳ ಹೆಂಗಸರನ್ನು ಕಾರ್ಮಿಕರೆಂದು ಗುರುತಿಸಬೇಕೆಂದು 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಹೇಳಿತು. ಅದಕ್ಕೂ ಮುಂಚೆ 2006ರಲ್ಲಿ, ಕರ್ನಾಟಕ ಸರಕಾರವೇ ಹೂಡಿದ ಅಪೀಲಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. 2022ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂದಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತ ಆಶಾಗಳ ಚಿತ್ರವನ್ನು ಸೊಸೆ ಫೋನಿನಲ್ಲಿ ತೋರಿಸಿದಳು. ‘ಮಾಮಾ, ನಿಮ್ಮ ಹಮಾಲರಿಗೆ ಪಿಎಫ್ ಅದ. ನನಗಿಲ್ಲ ನೋಡ್ರಿ.’

ಅವಳ ಮಾತಿಗೆ ದಿವಾಣಜಿಯಲ್ಲಿ ಉತ್ತರವಿರಲಿಲ್ಲ. ಸಾಂಗಲಿಯ ಸಾವಕಾರರ ಮಕ್ಕಳು ಈಗ ಲೆವಿಯ ಬಗ್ಗೆ ಗೊಣಗುತ್ತಾರೆ, ಕಟ್ಟುತ್ತಾರೆ ಕೂಡ. ಹಬ್ಬದ ಮುಂದೆ ಉಚಲಿಗೆ ಗಾದಿಯ ಬಾಗಿಲು ಬಡಿಯುವವರು ಕಡಿಮೆಯಾದದ್ದು ತಮಗೂ ಹಗುರವೇ ಎಂದು ಅವರಲ್ಲೊಬ್ಬ ಒಮ್ಮೆ ದಿವಾಣಜಿಯೆದುರು ಒಪ್ಪಿಕೊಂಡದ್ದುಂಟು.

ಮೀರಜದಿಂದ ಬಸ್ಸು ಹತ್ತಿ ಗಡಿ ದಾಟಿದರೆ ಕಾಗವಾಡ, ಮುಂದೆ ಅಥಣಿ. ಅಲ್ಲಿಂದ ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿ, ಎಪಿಎಂಸಿ ಇರುವಲ್ಲೆಲ್ಲ ಹಮಾಲರಿದ್ದಾರೆ. ಅವರಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತದ ಕಾರ್ಡು ಸಿಗುತ್ತದೆ. ವ್ಯಾಪಾರಿಯಿಂದ ಲೆವಿ ವಸೂಲು ಮಾಡಿ ಭವಿಷ್ಯನಿಧಿ ಕಟ್ಟುವ 1969ರಂಥ ಕಾಯದೆ ಕರ್ನಾಟಕದಲ್ಲಿ ಇಂದಿಗೂ ಇಲ್ಲ. ಮಾಡಲು ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಮನೆಮನೆಗೆ ಊಟ ಮುಟ್ಟಿಸುವ ಹುಡುಗರನ್ನು ಕಂಪನಿಗಳು ನೌಕರರಲ್ಲ, ಪಾರ್ಟ್‌ನರ್‌ಗಳು ಅಂದಾಗ, ಇದೇ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯದೆ ತಂದು, ಮಂಡಳಿ ಕೂಡಿಸಿ, ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರ ತನಕ ಕಲ್ಯಾಣ ಶುಲ್ಕ ಹಾಕಲು ದಾರಿ ಮಾಡಿತು. ಮಾಲಕ ಯಾರು ಎಂಬ ವಾದಕ್ಕೆ ಕಾಯದೆ ಅಲ್ಲಿಯೂ ಕಾಯಲಿಲ್ಲ. ಮೊಬೈಲಿನ ಆರ್ಡರು ಹೊತ್ತವನಿಗೆ ಸಾಧ್ಯವಾದದ್ದು ಚೀಲ ಹೊತ್ತವನಿಗೂ ಸಾಧ್ಯ. ವಿಧಾನಸೌಧದಲ್ಲಿ ಕೂತವರು, ಅದರಲ್ಲೂ ಗಡಿ ಜಿಲ್ಲೆಗಳಿಂದ ಆರಿಸಿ ಹೋದವರು, ಒಮ್ಮೆ ಮೀರಜದ ಬಸ್ಸು ಹತ್ತಿ ಸಾಂಗಲಿಯ ಯಾರ್ಡಿಗೆ ಬಂದು ಆ ಮಂಡಳದ ಪುಸ್ತಕ ತೆರೆಸಿ ನೋಡಲಿ.